ಮಕ್ಕಳ ಅಳು ನೋಡೋಕೆ ಆಗಲ್ಲ, ಮಕ್ಕಳ ವಾರ್ಡಿಗೆ ಹೋಗಿ ಕೆಲಸ ನೋಡಿ ಕಲಿಯಲಾ ಬೇಡ್ವಾ?

ಡಾಕ್ಟರ್ ಓದೋ ಮೊದಲು ವಾರ್ಡ್ ನೋಡಬೇಕು, ಆದರೆ ಅಳು ಕೇಳಿದರೆ ಎದೆ ಒಡೆಯುತ್ತೆ ಅಂದಿದ್ದೀರಿ. ನನಗೂ ಹಾಗೇ ಇತ್ತು.

ನಾನು ಹೋಗಿದ್ದು ಹುಬ್ಬಳ್ಳಿಯ ಒಂದು ಆಸ್ಪತ್ರೆಗೆ. ಬೇಸಿಗೆ, ವಾಂತಿ-ಭೇದಿ ಆದ ಮಕ್ಕಳೇ ಜಾಸ್ತಿ. ಕುಂದಗೋಳ, ನವಲಗುಂದ, ಕಲಘಟಗಿ ಕಡೆಯಿಂದ ಕೂಸು ಎತ್ತಿಕೊಂಡು ಬಂದ ತಾಯಂದಿರು. ಸೂಜಿ ಕಂಡು ಚೀರುವ ಮಕ್ಕಳ ಹತ್ತಿರ ನಿಲ್ಲೋಕೆ ಆಗದೆ, ಮೂಲೆಯ ಮಂಚದ ಹತ್ತಿರ ಹೋಗಿ ನಿಂತೆ. ಅಲ್ಲಿದ್ದ ಕೂಸು ಸದ್ದೇ ಮಾಡುತ್ತಿರಲಿಲ್ಲ. ತಾಯಿ ಓಆರ್‌ಎಸ್ ಲೋಟ ಹಿಡಿದು "ಎಬ್ಬಿಸಿ ಕುಡಿಸ್ಲೇನ್ರೀ?" ಅಂತ ಕೇಳಿದರು. "ನಿದ್ದಿ ಹತ್ತೇತಿ, ಮಲಗ್ಲಿ ಬಿಡ್ರಿ" ಅಂದೆ.

ಈ ಒಂದು ಮಾತನ್ನು ಬಿಡಿಸಿ ಹೇಳಬೇಕು. ಹಾಗೆ ಹೇಳೋಕೆ ನಾನು ಯಾರೂ ಅಲ್ಲ, ಸುಮ್ನೆ ನೋಡೋಕೆ ಬಂದವಳು, ಆದರೆ ಮೈಮೇಲೆ ಆಸ್ಪತ್ರೆಯವರೇ ಕೊಟ್ಟ ಬಿಳಿ ಏಪ್ರನ್ ಇತ್ತು, ಆ ತಾಯಿ ನನ್ನನ್ನೇ ಡಾಕ್ಟರ್ ಅಂದುಕೊಂಡು ಲೋಟ ಕೆಳಗಿಟ್ಟರು. ಅದು ನಿದ್ದೆ ಆಗಿರಲಿಲ್ಲ. ಮೈಯಲ್ಲಿ ನೀರು ಕಡಿಮೆಯಾಗಿ ಮಗು ಮಂಕಾಗಿತ್ತು. ಗುಳಿ ಬಿದ್ದ ಕಣ್ಣುಗಳನ್ನು ನಾನು ನೋಡಿದ್ದೆ, ಸೊರಗಿದ ಮಗು ಅಂತ ಸುಮ್ಮನಾಗಿದ್ದೆ. ಸಿಸ್ಟರ್ ಬಂದು ಹೊಟ್ಟೆಯ ಚರ್ಮ ಚಿವುಟಿ ಬಿಟ್ಟರು. ಮಡಿಕೆ ಹಾಗೇ ನಿಂತಿತು. 2 ಸೆಕೆಂಡಿಗಿಂತ ಜಾಸ್ತಿ ನಿಂತು, ಮಗು ಸರಿಯಾಗಿ ಎಚ್ಚರವೂ ಆಗದಿದ್ದರೆ ಬಾಯಿಂದ ಕುಡಿಸುತ್ತಾ ಕೂರುವ ಹೊತ್ತಲ್ಲ ಅದು, ತಕ್ಷಣ ನರಕ್ಕೆ ಸಲೈನ್ ಹೋಗಬೇಕು. ಒಣಗಿದ ಕೈಯಲ್ಲಿ ನರ ಸಿಗೋದೇ ಕಷ್ಟವಾಯಿತು. ಸಂಜೆ ಹೊತ್ತಿಗೆ ಕೂಸು ಜೋರಾಗಿ ಅತ್ತಿತು. ನನಗೆ ಮಾತ್ರ ನಾಳೆಯಿಂದ ಬರಬೇಡ ಅಂದರು. ಸರಿಯಾಗೇ ಹೇಳಿದರು.

ಅದಕ್ಕೇ ಹೇಳ್ತೀನಿ, ನಿಮ್ಮ ಪ್ರಶ್ನೆಯೇ ತಪ್ಪು. ಚೀರುವ ಮಗುವಿಗೆ ಚೀರುವಷ್ಟು ಶಕ್ತಿಯಾದರೂ ಇದೆ ಅಲ್ವಾ? ನೀವು ಹೆದರಬೇಕಾದ್ದು ಸುಮ್ಮನೆ ಬಿದ್ದುಕೊಂಡ ಮಗುವನ್ನು ನೋಡಿ. ಖಂಡಿತ ಹೋಗಿ, ಆದರೆ ಡಾಕ್ಟರ ರೌಂಡ್ಸ್ ಹಿಂದೆ ಓಡಬೇಡಿ, ಅಲ್ಲಿ ನಿಮಗೆ ಏನೂ ತಿಳಿಯಲ್ಲ. ಸಿಸ್ಟರ್ ಪಕ್ಕ ನಿಲ್ಲಿ. ಮಗು ಶಾಂತವಾಗಿದ್ದಾಗ ಉಸಿರನ್ನು ಪೂರ್ತಿ ಒಂದು ನಿಮಿಷ ಎಣಿಸೋದು, ದೊಡ್ಡ ಓಆರ್‌ಎಸ್ ಪ್ಯಾಕೆಟ್ಟನ್ನು ಸರಿಯಾಗಿ 1 ಲೀಟರ್ ನೀರಿಗೆ ಕಲಸೋದು, ಭೇದಿ ನಿಂತರೂ ಜಿಂಕ್ ಮಾತ್ರೆ 14 ದಿನ ನಿಲ್ಲಿಸಬೇಡಿ ಅಂತ ತಾಯಿಗೆ ತಿಳಿಯುವ ಹಾಗೆ ಹೇಳೋದು, ಎಲ್ಲ ಅಲ್ಲೇ ನೋಡಲು ಸಿಗುತ್ತೆ. ಯಾರಾದರೂ ತಾಯಿ ನಿಮ್ಮನ್ನು ಏನಾದರೂ ಕೇಳಿದರೆ "ಸಿಸ್ಟರ್‌ನ ಕರೀತೀನ್ರಿ" ಅನ್ನಿ, ನಿಂತ ಕಾಲಲ್ಲೇ ಹೋಗಿ ಕರೆಯಿರಿ.