ಒಂದೇ ಅಂಗಳ, ಒಂದೇ ವಯಸ್ಸು

ಹೊಸನಗರ ತಾಲ್ಲೂಕಿನ ಓದುಗರೊಬ್ಬರ ಪತ್ರ: “ಅಡಿಕೆ ಕೊಯ್ಲು ಶುರುವಾಗಿದೆ. ನನ್ನ ಮಗನಿಗೆ 13. ಶಾಲೆಯಿಂದ ಬಂದು ಅಡಿಕೆ ಸುಲಿಯುತ್ತಾನೆ. ಕೆಲಸಕ್ಕೆ ಬರುವವರ ಮಗಳೂ ಅವನದೇ ಕ್ಲಾಸು, ತಾಯಿ ಪಕ್ಕ ಕೂತು ಸುಲಿಯುತ್ತಾಳೆ. ಅವಳಿಗೆ ನಾವು ಕೂಲಿ ಕೊಡುವುದಿಲ್ಲ. ಇದು ಅಪರಾಧ ಅಂತ ನೆಂಟರೊಬ್ಬರು ಹೆದರಿಸಿದರು. ಹೌದಾ? ಕಾನೂನಿನಲ್ಲಿ ಒಂದೊಂದಕ್ಕೆ ಒಂದೊಂದು ವಯಸ್ಸು ಯಾಕೆ?”

ಸಂಪಾದಕರ ಉತ್ತರ:

ನಿಮ್ಮ ನೆಂಟರು ಸುಮ್ನೆ ಹೆದರಿಸಿಲ್ಲ. ಕೂಲಿ ಕೊಟ್ಟಿರಾ ಇಲ್ವಾ ಅನ್ನುವುದು ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ. 1986ರ ಬಾಲಕಾರ್ಮಿಕ ಕಾಯ್ದೆ 2016ರಲ್ಲಿ ತಿದ್ದುಪಡಿ ಆಯಿತು. 14 ತುಂಬದ ಮಗುವನ್ನು ಕೆಲಸಕ್ಕೆ ಇಟ್ಟುಕೊಳ್ಳುವಂತಿಲ್ಲ, ಕೆಲಸ ಮಾಡಲು ಬಿಡುವಂತೆಯೂ ಇಲ್ಲ. ಈ ಎರಡನೆಯ ಮಾತೇ ನಿಮಗೆ ತಗುಲುವುದು. ಹುಡುಗಿ ಸುಲಿದದ್ದು ತಾಯಿಯ ಡಬ್ಬಕ್ಕೇ ಬೀಳುತ್ತದೆ, ಅಲ್ವಾ? ಡಬ್ಬ ಎಣಿಸಿ ದುಡ್ಡು ಕೊಡುವಾಗ ಅವಳ ಕೆಲಸವೂ ಅದರಲ್ಲಿ ಸೇರಿರುತ್ತದೆ. ಶಿಕ್ಷೆ ಆರು ತಿಂಗಳಿಂದ ಎರಡು ವರ್ಷ ಜೈಲು, ಇಲ್ಲವೇ 20 ಸಾವಿರದಿಂದ 50 ಸಾವಿರ ದಂಡ. ಎರಡೂ ಬೀಳಬಹುದು.

ಮಗನದು ಬೇರೆ. ಮನೆಯವರ ಕಸುಬಿಗೆ ಮಗು ನೆರವಾಗಬಹುದು. ಅದು ಅಪಾಯದ ಕೆಲಸ ಆಗಿರಬಾರದು, ಶಾಲೆ ಬಿಟ್ಟ ಮೇಲೋ ರಜೆಯಲ್ಲೋ ಇರಬೇಕು. ಮನೆಯವರು ಅಂದರೆ ಯಾರು ಅಂತ ಕಾಯ್ದೆಯಲ್ಲೇ ಪಟ್ಟಿ ಇದೆ: ಅಪ್ಪ, ಅಮ್ಮ, ಒಡಹುಟ್ಟಿದವರು, ಆಮೇಲೆ ಅಪ್ಪ-ಅಮ್ಮನ ಒಡಹುಟ್ಟಿದವರು. ಅಜ್ಜ-ಅಜ್ಜಿಯೇ ಇಲ್ಲ! ನಮ್ಮ ಕಡೆ ಎಷ್ಟೋ ತೋಟಗಳ ಪಹಣಿ ಇನ್ನೂ ಅಜ್ಜನ ಹೆಸರಲ್ಲೇ ಇದೆ. ಪಟ್ಟಿ ಬರೆದವರು ಮಲೆನಾಡಿನ ಮನೆ ನೋಡಿಲ್ಲ ಅಂತ ಕಾಣುತ್ತದೆ.

ಇನ್ನೊಂದಿದೆ, ಇದು ಜಾಸ್ತಿ ಜನಕ್ಕೆ ಗೊತ್ತಿಲ್ಲ. ಇದೇ ಕಾಯ್ದೆಯ 2017ರ ನಿಯಮದ ಪ್ರಕಾರ ಮನೆಮಗನಾದರೂ ದಿನಕ್ಕೆ ಮೂರು ಗಂಟೆಗಿಂತ ಹೆಚ್ಚು ಕೂರುವಂತಿಲ್ಲ. ಸಂಜೆ 7ರಿಂದ ಬೆಳಗ್ಗೆ 8ರವರೆಗೆ ಕೆಲಸವೇ ಇಲ್ಲ. ಅಡಿಕೆ ಸುಲಿಯುವುದು ಯಾವಾಗ ಹೇಳಿ? ಊಟ ಮುಗಿಸಿ, ಚಪ್ಪರದಡಿ ಲೈಟ್ ಹಾಕಿಕೊಂಡು, ಹತ್ತೋ ಹನ್ನೊಂದೋ ಗಂಟೆವರೆಗೆ. ನಿದ್ದೆ ಎಳೆಯುವ ಹೊತ್ತಿಗೆ ಅಡಿಕೆ ಸುಲಿಯುವ ಮೆಟ್ಟುಕತ್ತಿ ಕೈ ಕಚ್ಚುತ್ತದೆ. ಆರನೇ ಕ್ಲಾಸಲ್ಲಿ ಆದ ಗಾಯದ ಗುರುತು ನನ್ನ ಎಡಗೈ ಹೆಬ್ಬೆರಳಲ್ಲಿ ಈಗಲೂ ಇದೆ. ಅದೂ ರಾತ್ರಿಯೇ ಆದದ್ದು.

ಒಂದೊಂದಕ್ಕೆ ಒಂದೊಂದು ವಯಸ್ಸು ಯಾಕೆ ಅಂದರೆ, ಅವೆಲ್ಲ ಒಟ್ಟಿಗೆ ಕೂತು ಬರೆದ ಕಾನೂನುಗಳಲ್ಲ. ಏಳು ತುಂಬದ ಮಗು ಏನು ಮಾಡಿದರೂ ಅಪರಾಧವಲ್ಲ. ಮದುವೆಗೆ ಹುಡುಗಿಗೆ 18, ಹುಡುಗನಿಗೆ 21. ಓಟಿಗೂ 21 ಇತ್ತು, 1989ರಲ್ಲಿ 18ಕ್ಕೆ ಇಳಿಯಿತು.

ನನಗೆ ಚುಚ್ಚುವುದು 14. ಶಿಕ್ಷಣ ಹಕ್ಕಿನ ಕಾಯ್ದೆ 6ರಿಂದ 14ರವರೆಗೆ ಮಾತ್ರ ಉಚಿತ, ಕಡ್ಡಾಯ ಅನ್ನುತ್ತದೆ. ಅಂದರೆ ಎಂಟನೇ ಕ್ಲಾಸಿಗೆ ಮುಗಿಯಿತು. ಅದೇ ವಯಸ್ಸಿಗೆ ಕೆಲಸದ ಬಾಗಿಲು ತೆರೆಯುತ್ತದೆ. ಮುಂದಿನ ಕೊಯ್ಲಿಗೆ ಆ ಹುಡುಗಿಗೆ 14 ಆಗಿರಬಹುದು. ಆಗ ಹಗಲಲ್ಲಿ ಕೂಲಿ ಕೊಟ್ಟು ಕೂರಿಸಿದರೆ ಈ ಕಾಯ್ದೆ ನಿಮ್ಮನ್ನು ತಡೆಯುವುದಿಲ್ಲ. ನಿಮ್ಮ ಮಗನಂತೂ ಹೈಸ್ಕೂಲಿಗೆ ಹೋಗುತ್ತಾನೆ. ಅವಳನ್ನು ಸೇರಿಸುತ್ತಾರಾ? ಡಬ್ಬದ ಲೆಕ್ಕ ಚುಕ್ತಾ ಮಾಡುವ ದಿನ ಅವಳ ತಾಯಿಯನ್ನು ಒಮ್ಮೆ ಕೇಳಿ. ಏನಂದರು ಅಂತ ನಮಗೂ ಬರೆಯಿರಿ.