ಓದುಗರ ಪ್ರಶ್ನೆ: ಒಬ್ರೇ ಇರೋ ಹಿರಿಯರ ಮನೆಗೆ ಏನ್ ಹಾಕ್ಸೋದು, ಏನ್ ಬೇಡ

ಪ್ರಶ್ನೆ: ನಮ್ಮಮ್ಮಂಗೆ 78 ವರ್ಷ, ಒಬ್ರೇ ಇರ್ತಾರೆ. ನಮ್ ಜೊತೆ ಬಂದಿರಿ ಅಂದ್ರೆ ಸುತರಾಂ ಒಪ್ಪಲ್ಲ. ಹಾಲ್, ಅಡುಗೆಮನೆ, ಬೆಡ್‌ರೂಮ್ ಮೂರೂ ಕಡೆ ಕ್ಯಾಮೆರಾ ಹಾಕಿಸೋಣ ಅಂತಿದೀನಿ, ಜೊತೆಗೆ ಸ್ಮಾರ್ಟ್ ಬಲ್ಬು, ಸ್ಮಾರ್ಟ್ ಲಾಕು. ಯಾವುದರಿಂದ ಶುರು ಮಾಡ್ಲಿ?

ಉತ್ತರ: ಅಮ್ಮನ್ನ ಕೇಳೋದ್ರಿಂದ ಶುರು ಮಾಡಿ. ನಿಮ್ ಪತ್ರದಲ್ಲಿ ಏನೇನ್ ಕೊಳ್ಬೇಕು ಅನ್ನೋ ಪಟ್ಟಿ ಇದೆ, ಅಮ್ಮಂಗೆ ದಿನಾ ಏನ್ ಕಷ್ಟ ಆಗ್ತಿದೆ ಅಂತ ಒಂದ್ ಸಾಲೂ ಇಲ್ಲ. ರಾತ್ರಿ ಎದ್ದು ಬಾತ್‌ರೂಮಿಗೆ ಹೋಗೋವಾಗ ಕಣ್ಣು ಕಾಣಲ್ವಾ, ಮಾತ್ರೆ ತಗೊಂಡ್ನೋ ಇಲ್ವೋ ಅಂತ ಗೊಂದಲ ಆಗುತ್ತಾ, ಒಲೆ ಆರಿಸೋದು ಮರೀತಾರಾ, ಬೆಲ್ ಆದ್ರೆ ಗಡಿಬಿಡೀಲಿ ಎದ್ದು ಬರ್ತಾರಾ? ಒಂದೊಂದಕ್ಕೂ ಬೇರೆ ಬೇರೆ ಸಾಮಾನು ಬೇಕು, ಕ್ಯಾಮೆರಾ ಇದ್ರಲ್ಲಿ ಒಂದಕ್ಕೂ ಉತ್ತರ ಅಲ್ಲ.

ಬೆಡ್‌ರೂಮಲ್ಲಂತೂ ಕ್ಯಾಮೆರಾ ಬೇಡ್ವೇ ಬೇಡ. ಅವರು ಸೀರೆ ಉಡೋ ಜಾಗ ಅದು. ಮತ್ತೆ ನೀವೇನು ಇಪ್ಪತ್ನಾಕು ಗಂಟೆ ನೋಡ್ತಾ ಕೂರ್ತೀರಾ? ಮೊದಲ ವಾರ ನೋಡ್ತೀರಿ, ಆಮೇಲೆ ಆಪ್ ತೆಗೆಯೋದೇ ಮರೀತೀರಿ, ರಾತ್ರಿ ಮೂರು ಗಂಟೆಗೆ ಏನಾದ್ರೂ ಆದ್ರೆ ಆ ವಿಡಿಯೋ ಇದ್ದೂ ಇಲ್ದಂಗೆ.

ಅದರ ಬದಲು ಮೋಷನ್ ಸೆನ್ಸರ್ ಮತ್ತೆ ಬಾಗಿಲ ಸೆನ್ಸರ್ ನೋಡಿ. ಸಾಮಾನ್ಯ ಮೋಷನ್ ಸೆನ್ಸರು ಮೈಯಿಂದ ಹೊರಡೋ ಇನ್‌ಫ್ರಾರೆಡ್ ಶಾಖ ಆಚೀಚೆ ಸರಿದಿದ್ದನ್ನ ಮಾತ್ರ ಗುರುತಿಸುತ್ತೆ, ಫೋಟೋ ಇಲ್ಲ ಧ್ವನಿ ಇಲ್ಲ. ಬಾಗಿಲದ್ದು ಇನ್ನೂ ಸರಳ, ಬಾಗಿಲಿಗೊಂದು ಅಯಸ್ಕಾಂತ, ಚೌಕಟ್ಟಿಗೊಂದು ಸ್ವಿಚ್, ಎರಡೂ ದೂರ ಆದ್ರೆ ಬಾಗಿಲು ತೆಗೆದಿದೆ ಅಂತರ್ಥ. ಆದ್ರೆ ಮೋಷನ್ ಸೆನ್ಸರಿಗೆ ಅಲುಗಾಡದೇ ಇರೋ ಮನುಷ್ಯ ಕಾಣಲ್ಲ, ಅಮ್ಮ ನಿದ್ದೆ ಮಾಡ್ತಿದಾರೋ ಬಿದ್ದಿದಾರೋ ಹೊರಗೆ ಹೋಗಿದಾರೋ ಅದಕ್ಕೆ ಎಲ್ಲಾ ಒಂದೇ, ಅದಕ್ಕೇ ಮುಂಬಾಗಿಲ ಸೆನ್ಸರ್ ಜೊತೆಗಿರ್ಲಿ. ಬಾಗಿಲು ತೆಗೆದೇ ಇಲ್ಲ, ಒಳಗೆ ಓಡಾಟಾನೂ ಇಲ್ಲ ಅಂದ್ರೆ ಆಗ ಫೋನ್ ಮಾಡಿ.

ಇನ್ನೊಂದು, ಪ್ರತಿ ಓಡಾಟಕ್ಕೂ ಮೆಸೇಜ್ ಬರೋ ಹಾಗೆ ಇಡ್ಬೇಡಿ. ನಾನು ನಮ್ಮತ್ತೆ ಮನೇಲಿ ಹಾಗೆ ಇಟ್ಟಿದ್ದೆ, ನಾಲ್ಕನೇ ದಿನ ನಾನೇ ಮ್ಯೂಟ್ ಮಾಡ್ದೆ. ಉಲ್ಟಾ ಮಾಡಿ: ಎರಡು ವಾರ ಅವರ ದಿನಚರಿ ಸುಮ್ನೆ ಗಮನಿಸಿ, ದಿನಾ ಏಳಕ್ಕೆ ಏಳೋರು ಒಂಬತ್ತಾದ್ರೂ ಹಾಲಿಗೆ ಬಂದಿಲ್ಲ ಅಂದ್ರೆ ಮಾತ್ರ ಮೆಸೇಜ್ ಬರ್ಲಿ. ಮತ್ತೆ ಇದೆಲ್ಲಾ ಹಾಕಿದೀನಿ ಅಂತ ಅವರಿಗೆ ಗೊತ್ತಿರ್ಲಿ, ಕದ್ದು ಮುಚ್ಚಿ ಬೇಡ.

ಸ್ಮಾರ್ಟ್ ಬಲ್ಬಿನ ಕಥೆ ಏನಂದ್ರೆ, ಗೋಡೆ ಸ್ವಿಚ್ ಆರಿಸಿದ್ರೆ ಬಲ್ಬಿಗೆ ಕರೆಂಟೇ ಇಲ್ಲ, ಸ್ಮಾರ್ಟೂ ಇಲ್ಲ ಏನೂ ಇಲ್ಲ. ಐವತ್ತು ವರ್ಷ ಸ್ವಿಚ್ ಒತ್ತಿದ ಕೈ ಅದು, ಒತ್ತೇ ಒತ್ತುತ್ತೆ. ಬಲ್ಬಿನ ಬದಲು ಸ್ಮಾರ್ಟ್ ಸ್ವಿಚ್ ಹಾಕ್ಸಿ, ಕೈಯಲ್ಲಿ ಒತ್ತಿದ್ರೂ ಕೆಲಸ ಮಾಡೋದು. ಹಾಸಿಗೆಯಿಂದ ಬಾತ್‌ರೂಮ್ ತನಕ ಕಾಲು ಕೆಳಗಿಟ್ಟ ತಕ್ಷಣ ಹತ್ತೋ ಮಂದ ದೀಪ ಎರಡು ಸಾಕು, ಕಣ್ಣು ಕುಕ್ಕೋ ಬೆಳಕು ಬೇಡ. ಒಂದೇ ಸಾಮಾನು ಹಾಕಿಸೋದಾದ್ರೆ ನನ್ನ ಓಟು ಈ ದೀಪಕ್ಕೇ.

ಪ್ರಶ್ನೆ: ನನಗೆ 76. ಮಗ ಬಂದಾಗ ಮಾತಾಡೋ ಸ್ಪೀಕರ್ ಒಂದು ಇಟ್ಟು ಹೋದ. ಅದು ನಾವಾಡೋ ಮಾತೆಲ್ಲಾ ಕೇಳಿಸ್ಕೊಳ್ಳುತ್ತೆ ಅಂತ ಗೆಳತಿ ಹೇಳಿದ್ಲು, ಅವತ್ತಿಂದ ಅದರ ಮೇಲೆ ಟವೆಲ್ ಹೊದಿಸಿ ಮಲಗ್ತೀನಿ. ನಗ್ಬೇಡಿ.

ಉತ್ತರ: ನಗ್ಲಿಲ್ಲಮ್ಮಾ, ಸ್ವಲ್ಪ ನಕ್ಕೆ. ಟವೆಲ್ಲಿಂದ ಅದರ ಕಿವಿ ಮುಚ್ಚಲ್ಲ. ನಿಮ್ಮ ಗೆಳತಿ ಹೇಳಿದ್ದು ಅರ್ಧ ನಿಜ: ಅದು ತನ್ನ ಹೆಸರು ಕೂಗ್ತಾರಾ ಅಂತ ಯಾವಾಗ್ಲೂ ಕಿವಿ ತೆರೆದಿರುತ್ತೆ, ಹೆಸರು ಕೇಳಿದ ಮೇಲೆ ಆಡಿದ ಮಾತು ಸಾಮಾನ್ಯವಾಗಿ ಕಂಪನಿ ಸರ್ವರಿಗೆ ಹೋಗುತ್ತೆ, ಒಮ್ಮೊಮ್ಮೆ ಟಿವಿ ಮಾತನ್ನೇ ತನ್ನ ಹೆಸರು ಅನ್ಕೊಂಡು ಎದ್ದುಬಿಡುತ್ತೆ. ಮೈಕ್ ಆರಿಸೋಕೆ ಸ್ಪೀಕರ್ ಮೇಲೋ ಹಿಂದೋ ಒಂದು ಬಟನ್ ಇರುತ್ತೆ, ಅಮೆಜಾನ್ ಎಕೋದಲ್ಲಿ ಅದನ್ನ ಒತ್ತಿದ್ರೆ ಕೆಂಪು ದೀಪ ಬರುತ್ತೆ. ಮಗನಿಗೆ ಹೇಳಿ, ಡ್ರಾಪ್ ಇನ್ ಅನ್ನೋ ಸೌಲಭ್ಯ ಆನ್ ಇದೆಯಾ ನೋಡು ಅಂತ. ಅದು ಆನ್ ಇದ್ದು ಅವನಿಗೆ ಅನುಮತಿ ಕೊಟ್ಟಿದ್ರೆ ನೀವು ಫೋನ್ ಎತ್ತದೇ ಇದ್ರೂ ಅವನು ನಿಮ್ಮ ಮನೆಯೊಳಗೆ ಮಾತಾಡ್ಬಹುದು, ಕೇಳಿಸ್ಕೊಳ್ಬಹುದು. ಬೇಕಾ ಬೇಡ್ವಾ ನೀವೇ ಹೇಳ್ಬೇಕು, ಮನೆ ನಿಮ್ದು. ಹಾಗಂತ ಸ್ಪೀಕರನ್ನೇ ಎತ್ತಿಡ್ಬೇಡಿ, ಕನ್ನಡಕ ಹುಡುಕದೇ ಮಗನಿಗೆ ಕಾಲ್ ಮಾಡು ಅಂದ್ರೆ ಮಾಡೋದು ದೊಡ್ಡ ಅನುಕೂಲ.

ಪ್ರಶ್ನೆ: ಅಪ್ಪಂಗೆ 81, ಹೋದ್ ತಿಂಗಳು ಬಿದ್ರು, ಪುಣ್ಯಕ್ಕೆ ಏನೂ ಆಗ್ಲಿಲ್ಲ. ಬಿದ್ದಿದ್ದನ್ನ ಕಂಡುಹಿಡಿಯೋ ವಾಚ್ ಒಳ್ಳೇದಾ, ಸಹಾಯ ಬೇಕಾದಾಗ ಒತ್ತೋಕೆ ಕತ್ತಿಗೆ ಹಾಕೋ ಬಟನ್ ಒಳ್ಳೇದಾ?

ಉತ್ತರ: ಅಪ್ಪ ಯಾವುದನ್ನ ಮೈಮೇಲೆ ಇಟ್ಕೊಳ್ತಾರೋ ಅದು. 65 ದಾಟಿದೋರಲ್ಲಿ ವರ್ಷಕ್ಕೆ 28ರಿಂದ 35 ಪರ್ಸೆಂಟ್ ಜನ ಬೀಳ್ತಾರೆ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ, ಅಪ್ಪ ಒಬ್ರೇ ಅಲ್ಲ. ಆಪಲ್ ವಾಚಿಗೆ ಈ ಸೌಲಭ್ಯ ಬಂದಿದ್ದು 2018ರ ಸೀರೀಸ್ 4ರಲ್ಲಿ, ಜೋರಾಗಿ ಬಿದ್ದು ಸುಮಾರು ಒಂದು ನಿಮಿಷ ಅಲುಗಾಡದೇ ಇದ್ರೆ ತಾನೇ ಕರೆ ಮಾಡುತ್ತೆ. ಆದ್ರೆ ಕುರ್ಚಿಯಿಂದ ಮೆಲ್ಲಗೆ ಜಾರಿ ಕೂತ್ರೆ ವಾಚಿಗೆ ಅದು ಬೀಳೋದು ಅನ್ನಿಸದೇ ಇರ್ಬಹುದು. ಇನ್ನೊಂದು ತಲೆನೋವು ಚಾರ್ಜಿಂಗು. ರಾತ್ರಿ ಬಿಚ್ಚಿ ಚಾರ್ಜಿಗಿಟ್ರೆ, ಮಧ್ಯರಾತ್ರಿ ಬಾತ್‌ರೂಮಿಗೆ ಹೋಗೋವಾಗ ಕೈಯಲ್ಲಿ ವಾಚೇ ಇರಲ್ಲ. ಸಂಜೆ ಟಿವಿ ನೋಡೋ ಹೊತ್ತಲ್ಲಿ ಚಾರ್ಜ್ ಮಾಡೋ ರೂಢಿ ಮಾಡ್ಸಿ.

ಬಟನ್ನಿಗೆ ಚಾರ್ಜಿನ ತಾಪತ್ರಯ ಕಮ್ಮಿ, ನೀರು ಬಿದ್ರೂ ತಡೆಯೋದು ಸಿಗುತ್ತೆ. ಆದ್ರೆ ಒತ್ತಬೇಕಲ್ಲ! 2008ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ 90 ದಾಟಿದೋರ ಬಗ್ಗೆ ಕೇಂಬ್ರಿಡ್ಜ್‌ನ ಒಂದು ಅಧ್ಯಯನ ಬಂದಿತ್ತು, ಬಿದ್ದು ತುಂಬಾ ಹೊತ್ತು ನೆಲದ ಮೇಲೇ ಇದ್ದೋರಲ್ಲಿ ಹೆಚ್ಚಿನೋರು ಸಹಾಯಕ್ಕೆ ಕರೆಯೋ ಇಂಥ ಅಲಾರಂ ಇದ್ರೂ ಬಳಸಿರ್ಲಿಲ್ಲ. ಯಾರಿಗ್ಯಾಕೆ ತೊಂದ್ರೆ, ನಾನೇ ಏಳ್ತೀನಿ ಅನ್ನೋ ಮನಸ್ಸು. ಅದಕ್ಕೇ ತಿಂಗಳಿಗೊಂದ್ಸಲ ಸುಮ್ನೆ ಒತ್ತಿಸಿ, ನೀವು ಫೋನ್ ಎತ್ತಿ ಹರಟೆ ಹೊಡೀರಿ, ಒತ್ತೋಕೆ ಸಂಕೋಚ ಹೋಗ್ಲಿ.

ಪ್ರಶ್ನೆ: ಕರೆಂಟೋ ನೆಟ್ಟೋ ಹೋದ್ರೆ ಇದೆಲ್ಲಾ ಏನಾಗುತ್ತೆ?

ಉತ್ತರ: ಬೇಕಾದಷ್ಟು ನಿಂತೋಗುತ್ತೆ. ರೂಟರಿಗೂ, ಸೆನ್ಸರುಗಳನ್ನೆಲ್ಲಾ ಜೋಡಿಸೋ ಹಬ್ ಅನ್ನೋ ಪೆಟ್ಟಿಗೆಗೂ ಒಂದು ಚಿಕ್ಕ ಯುಪಿಎಸ್ ಇಡಿ. 2022ರಲ್ಲಿ ಬಂದ ಮ್ಯಾಟರ್ ಅನ್ನೋ ಸ್ಟ್ಯಾಂಡರ್ಡ್ (ಬೇರೆ ಬೇರೆ ಕಂಪನಿ ಸಾಮಾನು ಒಂದಕ್ಕೊಂದು ಹೊಂದ್ಲಿ ಅಂತ ಮಾಡಿರೋ ನಿಯಮ) ಇರೋ ಸಾಮಾನು ಸಿಕ್ಕಿದ್ರೆ ಒಳ್ಳೇದು, ಮನೆಯೊಳಗಿನ ನೆಟ್‌ವರ್ಕಲ್ಲೇ ಮಾತಾಡ್ಕೊಳ್ಳುತ್ತೆ, ಇಂಟರ್ನೆಟ್ ಹೋದ್ರೂ ದೀಪ ಹತ್ತುತ್ತೆ. ಸ್ಮಾರ್ಟ್ ಲಾಕ್ ಹಾಕಿಸಿದ್ರೆ ಬೀಗದ ಕೈ ಇರೋದನ್ನೇ ಹಾಕ್ಸಿ, ಒಂದು ಕೈ ನಂಬಿಕಸ್ಥ ನೆರೆಯವ್ರ ಹತ್ರ ಇರ್ಲಿ, ಯಾಕಂದ್ರೆ ಮೆಸೇಜ್ ಬಂದಾಗ ಬಾಗಿಲ ತನಕ ಹೋಗೋಕೆ ಒಬ್ಬ ಮನುಷ್ಯ ಬೇಕು. ಮತ್ತೆ ರೂಟರ್ ಬದಲಾಯಿಸಿದ್ರೆ ವೈಫೈಗೆ ಹಳೇ ಹೆಸರು, ಹಳೇ ಪಾಸ್‌ವರ್ಡೇ ಇಡಿ, ಇಲ್ಲಾಂದ್ರೆ ವೈಫೈಗೆ ಸೇರಿಸಿದ್ದನ್ನೆಲ್ಲಾ ಒಂದೊಂದಾಗಿ ಮತ್ತೆ ಜೋಡಿಸ್ತಾ ಕೂರ್ಬೇಕು.