ನೊಣಗಳ ವೈವಿಧ್ಯಕ್ಕೆ ಕಾರಣವೇನು?

ಪ್ರಶ್ನೆ: ಮನೆನೊಣ, ಹೂನೊಣ, ರಕ್ತ ಹೀರುವ ಕುದುರೆನೊಣ ಎಲ್ಲವೂ ಒಂದೇ ಉಪಗಣಕ್ಕೆ ಸೇರುತ್ತವೆ, ಸೊಳ್ಳೆ ಮಾತ್ರ ಅದರ ಹೊರಗಿದೆ ಎಂದು ಓದಿದ್ದೇನೆ. ಈ ವಿಂಗಡಣೆಗೆ ಆಧಾರವೇನು? ನೊಣಗಳಲ್ಲಿ ಇಷ್ಟೊಂದು ವೈವಿಧ್ಯ ಹೇಗೆ ಉಂಟಾಯಿತು?

ಉತ್ತರ: ನೀವು ಓದಿರುವುದು ಸರಿ. ಸೊಳ್ಳೆಯ ಕುಡಿಮೀಸೆ ಉದ್ದವಾಗಿದ್ದು ಹತ್ತಕ್ಕೂ ಹೆಚ್ಚು ಗೆಣ್ಣುಗಳನ್ನು ಹೊಂದಿದ್ದರೆ, ನೊಣದ ಕುಡಿಮೀಸೆ ಗಿಡ್ಡವಾಗಿದ್ದು ಅದರ ಗೆಣ್ಣುಗಳೂ ಕಡಿಮೆ. ಇಂತಹ ಗಿಡ್ಡ ಕುಡಿಮೀಸೆಯ ನೊಣಗಳ ಉಪಗಣವೇ ಬ್ರಾಕಿಸೆರಾ. ಇದರಲ್ಲಿ ಈವರೆಗೆ 80,000ಕ್ಕೂ ಹೆಚ್ಚು ಪ್ರಭೇದಗಳನ್ನು ಗುರುತಿಸಲಾಗಿದೆ.

ಆದರೆ ವೈವಿಧ್ಯದ ಕಾರಣವನ್ನು ಹಾರಾಡುವ ನೊಣದಲ್ಲಿ ಹುಡುಕುವುದಕ್ಕಿಂತ ಅದರ ಮರಿಹುಳುವಿನಲ್ಲಿ ಹುಡುಕುವುದೇ ಸೂಕ್ತವೆಂದು ನನಗೆ ತೋರುತ್ತದೆ. ಸೊಳ್ಳೆಯ ಮರಿಗೆ ಗಟ್ಟಿಯಾದ ತಲೆಯಿದೆ. ಮನೆನೊಣದ ಮರಿಗೆ ಹೊರಗೆ ಕಾಣುವ ತಲೆಯೇ ಇಲ್ಲ, ಮೇಲೆ ಕೆಳಗೆ ಚಲಿಸುವ ಎರಡು ಕಪ್ಪು ಬಾಯಿಕೊಕ್ಕೆಗಳಷ್ಟೇ ಇವೆ. ಈ ಸರಳ ದೇಹವು ಕೊಳೆಯುವ ವಸ್ತುವಿನಲ್ಲಿ, ಹಣ್ಣಿನ ತಿರುಳಿನಲ್ಲಿ, ಎಲೆಯ ಎರಡು ಪದರಗಳ ನಡುವೆ, ಕಡೆಗೆ ಜೀವಂತ ಕಂಬಳಿಹುಳುವಿನ ಒಡಲಲ್ಲಿಯೂ ನುಗ್ಗಿ ಬದುಕಬಲ್ಲದು. ಹಲವು ಹೂನೊಣಗಳ ಮರಿಗಳು ಗಿಡಹೇನುಗಳನ್ನು ಬೇಟೆಯಾಡಿದರೆ, ಆಫ್ರಿಕಾದ ತ್ಸೆತ್ಸೆ ನೊಣದ ಮರಿ ತಾಯಿಯ ಒಡಲಲ್ಲೇ, ಒಂದು ಸಲಕ್ಕೆ ಒಂದರಂತೆ, ಪೂರ್ತಿ ಬೆಳೆದು ಹೊರಬರುತ್ತದೆ.

ಮನೆನೊಣ, ಹೂನೊಣಗಳಿರುವ ಶಾಖೆಯಲ್ಲಿ ಮರಿಯ ಕೊನೆಯ ಚರ್ಮವು ಕಳಚಿಹೋಗದೆ ಗಟ್ಟಿಯಾಗಿ, ಒಳಗಿನ ಪ್ಯೂಪಾವನ್ನು ಕಾಯುವ ಕಂದುಬಣ್ಣದ ಕವಚವಾಗುತ್ತದೆ. ಅದನ್ನು ಒಡೆದು ಬರುವ ಬಗೆ ನಿಜಕ್ಕೂ ಸೋಜಿಗದ್ದು. ಮನೆನೊಣವು ತನ್ನ ಹಣೆಯ ಸಂದಿನಿಂದ ಒಂದು ಚೀಲವನ್ನು ಹೊರಚಾಚಿ, ದೇಹದ್ರವದ ಒತ್ತಡದಿಂದ ಅದನ್ನು ಉಬ್ಬಿಸಿ, ಕವಚದ ಮುಚ್ಚಳವನ್ನು ತಳ್ಳಿ ತೆರೆಯುತ್ತದೆ. ಮಣ್ಣಿನಡಿಯಲ್ಲಿದ್ದರೆ ಅದೇ ಚೀಲದಿಂದ ಮಣ್ಣನ್ನೂ ಸರಿಸುತ್ತದೆ. ಬಳಿಕ ಚೀಲವು ತಲೆಯೊಳಗೆ ಮರಳುತ್ತದೆ, ಕುಡಿಮೀಸೆಗಳ ಮೇಲೆ ಕಮಾನಿನಂತಹ ಗೆರೆಯೊಂದು ಮಾತ್ರ ಜೀವನಪೂರ್ತಿ ಉಳಿಯುತ್ತದೆ. ಹೂನೊಣಗಳಲ್ಲಿ ಈ ಗೆರೆಯಿಲ್ಲ.

ಈ ವೈವಿಧ್ಯವು ಒಂದೇ ಹದದಲ್ಲಿ ಬೆಳೆಯಲಿಲ್ಲ. ಜೀನುಗಳನ್ನೂ ಪಳೆಯುಳಿಕೆಗಳನ್ನೂ ಒಟ್ಟಾಗಿ ಪರಿಶೀಲಿಸಿ 2011ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, ಬ್ರಾಕಿಸೆರಾದ ಹಳೆಯ ಶಾಖೆಗಳು ಸುಮಾರು 18 ಕೋಟಿ ವರ್ಷಗಳ ಹಿಂದೆ ಕವಲೊಡೆದವು. ಹಣೆಚೀಲವುಳ್ಳ ನೊಣಗಳಾದರೋ ಸುಮಾರು 6.5 ಕೋಟಿ ವರ್ಷಗಳ ಹಿಂದೆ, ಹೂಬಿಡುವ ಸಸ್ಯಗಳು ನೆಲವನ್ನು ವ್ಯಾಪಿಸಿದ್ದ ಕಾಲದಲ್ಲಿ, ವೇಗವಾಗಿ ಹರಡಿಕೊಂಡವು. ತಡವಾಗಿ ಬಂದ ಈ ಒಂದು ಶಾಖೆಯಲ್ಲೇ ಇಂದು 50,000ಕ್ಕೂ ಹೆಚ್ಚು ಪ್ರಭೇದಗಳಿವೆ.